ದೊಡ್ಡಸ್ವಾಮಿಯವರ ಅಭಯ

ಬೇಲೂರಿನಲ್ಲಿ ಬಾಳುವವನಿಗೆ ಚೆನ್ನಕೇಶವನ ಗುಡಿಯನ್ನು ಕಂಡಾಗಲೆಲ್ಲ ಒಂದು ಐತಿಹ್ಯ ನೆನಪಾಗದಿರದು. ಚೋಳ ದೊರೆಯ ಭಯದಿಂದ ಶ್ರೀರಂಗವನ್ನು ಬಿಟ್ಟ ರಾಮಾನುಜಾಚಾರ್ಯರು ಕಾವಿಯನ್ನು ಕಳಚಿ, ಬಿಳಿಯುಟ್ಟು ಹೊಯ್ಸಳನಾಡಿಗೆ ಬಂದರೆಂದೂ ಬಿಟ್ಟಿದೇವನು ಅವರಿಗೆ ಆಶ್ರಯವಿತ್ತನೆಂದೂ ಹಿರಿಯರು ಹೇಳುತ್ತಾರೆ. 1117ರಲ್ಲಿ ಪ್ರತಿಷ್ಠೆಯಾದ ಗುಡಿಯನ್ನು ಆ ಕತೆಯೊಡನೆ ಕೂಡಿಸಿ ಹೇಳುವುದು ನಮ್ಮೂರಿನ ವಾಡಿಕೆ. ತರಗತಿಯಲ್ಲಿ ಅದನ್ನು ಹೇಳುವಾಗ ನನಗೆ, ಏಳು ಶತಮಾನಗಳ ತರುವಾಯ ಇದೇ ಸೀಮೆಗೆ ಬಂದ ಮತ್ತೊಬ್ಬ ಬಿಳಿಯುಡುಗೆಯ ವಿರಾಗಿಯ ನೆನಪಾಗುತ್ತದೆ. ಅವರು ಫ್ರಾನ್ಸಿನ ಪಾದ್ರಿ ಅಬ್ಬೆ ದುಬ್ವಾ.

1766ರಲ್ಲಿ ಹುಟ್ಟಿದ ದುಬ್ವಾ 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಹಡಗು ಹತ್ತಿದರು. ಆಗ ಫ್ರಾನ್ಸಿನಲ್ಲಿ ಮಹಾಕ್ರಾಂತಿಯ ಉರಿ ಎದ್ದಿತ್ತು. ಪಾದ್ರಿಗಳ ತಲೆಗೆ ಭದ್ರತೆಯಿರಲಿಲ್ಲ. ದೇವರ ಕರೆಗೆ ಓಗೊಟ್ಟು ಹೊರಟವರ ಬೆನ್ನ ಹಿಂದೆ ಭಯವೂ ಇದ್ದಿತೆಂದರೆ ಅವರಿಗೆ ಅಪಚಾರವಾಗದು. ತಮಿಳುನಾಡಿನಲ್ಲಿ ಕೆಲವು ಕಾಲವಿದ್ದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವರು ಮೈಸೂರು ಸೀಮೆಗೆ ಬಂದರು. ಪೇಟ ಸುತ್ತಿ, ಬಿಳಿಯ ನಿಲುವಂಗಿ ತೊಟ್ಟು, ಈ ನೆಲದ ಜನರಂತೆಯೇ ಬದುಕಿದ ಅವರನ್ನು ಜನ ದೊಡ್ಡಸ್ವಾಮಿಯವರೆಂದು ಕರೆದರು.

ಅಲ್ಲಿ ಅವರಿಗೆದುರಾದದ್ದು ಭಯದಲ್ಲಿ ಮುರಿದುಬಿದ್ದ ಒಂದು ಸಮುದಾಯ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿದ್ದನು. ಅವರಲ್ಲಿ ಅನೇಕರು ಬಲವಂತಕ್ಕೆ ಮಣಿದು ಮತ ಬಿಟ್ಟಿದ್ದರು. ಅಳಿದುಳಿದವರನ್ನು ಮರಳಿ ಸಭೆಗೆ ಕೂಡಿಸುವುದು ದುಬ್ವಾ ಅವರ ಪಾಲಿಗೆ ಬಂದ ಕೆಲಸ. ಇಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಪ್ರಾಣಕ್ಕೆ ಅಂಜದೆ ನಿಲ್ಲಲಿಲ್ಲವಲ್ಲಾ ಎಂದು ಅವರು ಮುಂದೆ ಕಟುವಾಗಿ ಬರೆದರು. ಅದನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂದಿತು. ಕತ್ತಿಯ ಕೆಳಗೆ ನಿಂತವನ ಅಂಜಿಕೆಯನ್ನು ಅಳೆಯುವ ಅಧಿಕಾರ, ಉರಿಯುವ ಊರನ್ನು ಬಿಟ್ಟುಬಂದವನಿಗೆ ಉಂಟೇ? ಆದರೆ ಲೇಖನಿ ಕಟುವಾಗಿದ್ದರೂ ಕೈ ಹಾಗಿರಲಿಲ್ಲ. ಹಾಸನದ ಬಳಿಯ ಸಾತಳ್ಳಿಯಲ್ಲಿ ಅವರು ಕ್ರೈಸ್ತ ಒಕ್ಕಲುಗಳನ್ನು ನೆಲೆನಿಲ್ಲಿಸಿದರು. ಅಂಜಿದವನಿಗೆ ಉಪದೇಶಕ್ಕಿಂತ ಮೊದಲು ಬೇಕಾದದ್ದು ಉಳುವುದಕ್ಕೊಂದಿಷ್ಟು ನೆಲ ಎಂಬುದನ್ನು ಅವರು ಅರಿತಿದ್ದರು.

ಆಮೇಲೆ ಎದುರಾದದ್ದು ಸಿಡುಬಿನ ಭಯ. ಅಮ್ಮನ ಮುನಿಸೆಂದು ಊರೇ ನಡುಗುತ್ತಿದ್ದ ಕಾಲವದು. ಜೆನ್ನರನು 1798ರಲ್ಲಿ ಪ್ರಕಟಿಸಿದ ದಾಕು ಹಾಕುವ ಕ್ರಮ 1802ರಲ್ಲಿ ಮುಂಬಯಿಗೆ ಬಂದಿತ್ತು. ಒಬ್ಬನ ತೋಳಿನ ಬೊಕ್ಕೆಯ ರಸವನ್ನು ಇನ್ನೊಬ್ಬನ ತೋಳಿಗೆ ಸೇರಿಸಬೇಕಾದ ಆ ಕ್ರಮಕ್ಕೆ ಮಡಿಮೈಲಿಗೆಯ ಅಡ್ಡಿಯೂ ಇದ್ದಿತು. ದುಬ್ವಾ ಜನರನ್ನು ಒಪ್ಪಿಸುತ್ತ ತಿರುಗಿದರು. 1803-04ರಲ್ಲಿ ಅವರ ನೆರವಿನಿಂದ ದಾಕು ಹಾಕಿಸಿಕೊಂಡವರ ಸಂಖ್ಯೆ 25,432.

ಅವರ ಕೀರ್ತಿ ನಿಂತಿರುವುದು ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಗ್ರಂಥದ ಮೇಲೆ. ಕಂಪನಿಯವರು ಹಸ್ತಪ್ರತಿಯನ್ನು 2,000 ವರಹಗಳಿಗೆ ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿದರು. ಅದರ ಬಹುಭಾಗಕ್ಕೆ ಕೂರ್ದೂ ಎಂಬ ಹಿಂದಿನ ಪಾದ್ರಿಯ ಬರಹವೇ ಆಧಾರವೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ಆ ಋಣವನ್ನು ದುಬ್ವಾ ಹೇಳಿಕೊಳ್ಳಲಿಲ್ಲ. ನಮ್ಮ ಜನರನ್ನು ಕುರಿತ ಅವರ ತೀರ್ಪುಗಳೂ ಹಲವೆಡೆ ಒರಟಾಗಿವೆ. ಇವನ್ನು ಮರೆಮಾಚುವುದು ಚರಿತ್ರೆಗೆ ಸಲ್ಲದು.

ಆದರೂ ಅವರ ಬಾಳಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಧೈರ್ಯ ಬೇರೊಂದಿದೆ. 1823ರ ಜನವರಿಯಲ್ಲಿ ಭಾರತವನ್ನು ಬಿಟ್ಟ ದುಬ್ವಾ, ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ, ಹಿಂದೂಗಳನ್ನು ಮತಾಂತರಿಸುವ ತಮ್ಮ ಯತ್ನ ಫಲಿಸಲಿಲ್ಲವೆಂದೂ ಅದು ಫಲಿಸುವಂಥದಲ್ಲವೆಂದೂ ಸಾರಿದರು. ಸ್ವಪಕ್ಷದವರ ಮುನಿಸಿಗೆ ಅಂಜಲಿಲ್ಲ. ಮೂವತ್ತು ವರ್ಷಗಳ ದುಡಿಮೆ ಸೋತಿತೆಂದು ತಾನೇ ಹೇಳುವುದು ಸುಲಭವೇ? ಹೀಗೆ ಹೇಳಿಯೂ ಅವರು ದೀಕ್ಷೆಯನ್ನು ಬಿಡಲಿಲ್ಲ. ಪ್ಯಾರಿಸಿನಲ್ಲಿ ತಮ್ಮ ಸಂಘದ ಸೇವೆ ಮಾಡುತ್ತ, ಅದರ ಮುಖ್ಯಸ್ಥರೂ ಆಗಿ, 1848ರಲ್ಲಿ ತೀರಿಕೊಂಡರು.

ಕರೆದ ದೇವರು ಗೆಲುವನ್ನೂ ಕೊಡುವನೆಂಬ ಭರವಸೆಯಿದ್ದರೆ ಯಾರು ಬೇಕಾದರೂ ಹೊರಟಾರು. ಹೊರಟದ್ದು ಕೈಗೂಡದೆಂದು ತಿಳಿದ ಮೇಲೂ ಸಾತಳ್ಳಿಯ ಒಕ್ಕಲಿಗನಿಗೆ ನೇಗಿಲು, ಹಳ್ಳಿಯ ಮಗುವಿಗೆ ದಾಕು ಎಂದು ಕೈಗೆಟುಕಿದ್ದನ್ನು ಮಾಡಿದವರು ವಿರಳ. ಪರೀಕ್ಷೆಯಲ್ಲಿ ಸೋತ ವಿದ್ಯಾರ್ಥಿ ನನ್ನ ಬಾಗಿಲಿಗೆ ಬಂದು ತಲೆತಗ್ಗಿಸಿ ನಿಂತಾಗ, ನಾನು ಈಗ ಆಚಾರ್ಯರ ಕತೆಯೊಡನೆ ಈ ಪಾದ್ರಿಯ ಕತೆಯನ್ನೂ ಹೇಳುತ್ತೇನೆ.