ಹೆಂಚಿನ ಪ್ಲೆಬ್ಸ್ತ್ ದೊರೆಗಳ ಚರಿತ್ರೆ

ಕಾಪುವಿನ ಕಡಲ ತಡಿಯ ಬಂಡೆಯ ಮೇಲೆ 1901ರಲ್ಲಿ ಕಟ್ಟಲ್ಪಟ್ಟ ದೀಪಸ್ತಂಭದ ಬಳಿಯಲ್ಲಿ ನಿಂತು ಮೂಡಲಿಗೆ ಮುಖಮಾಡಿ ನೋಡುವವರಿಗೆ ತೆಂಗಿನ ತೋಟಗಳ ನಡುವೆ ಕೆಂಪು ಹೆಂಚಿನ ಮಾಡುಗಳು ಕಾಣಿಸುವವು. ಸಿಮೆಂಟಿನ ಮನೆಗಳು ಎಷ್ಟೋ ಎದ್ದಿರುವ ಈ ಕಾಲದಲ್ಲಿಯೂ ಈ ಹೆಂಚು ಇನ್ನೂ ಮಾಯವಾಗಲಿಲ್ಲ. ಆದರೆ ಇದು ಅನಾದಿ ಕಾಲದಿಂದ ಇದ್ದ ವಸ್ತುವಲ್ಲ. ನಮ್ಮ ಹಿರಿಯರಲ್ಲಿ ಹೆಚ್ಚಿನವರು ಮುಳಿಹುಲ್ಲನ್ನಾಗಲಿ ತೆಂಗಿನ ಮಡಲನ್ನಾಗಲಿ ಹೊದಿಸಿದ ಗುಡಿಸಲುಗಳಲ್ಲಿ ಮಳೆಗಾಲವನ್ನು ಕಳೆದವರು. ಉಳ್ಳವರ ಮನೆಗೆ ಕುಂಬಾರನು ಕೈಯಿಂದ ತಟ್ಟಿದ ನಾಡಹೆಂಚು ಇತ್ತು; ಅದನ್ನೂ ಕಾಗೆ ಮಂಗಗಳು ಸರಿಸಿಬಿಡುತ್ತಿದ್ದದರಿಂದ ವರುಷವರುಷವೂ ಕೈಯಾಡಿಸಬೇಕಾಗುತ್ತಿತ್ತು.

ಈ ತಿಂಗಳು ನಾವು ಆ ಕೆಂಪು ಹೆಂಚನ್ನು ಈ ಸೀಮೆಗೆ ತಂದ ಜಾರ್ಜ್ ಪ್ಲೆಬ್ಸ್ತ್ ಎಂಬವರ ಚರಿತ್ರೆಯನ್ನು ಹೇಳಬೇಕೆಂದಿದ್ದೇವೆ. ಇದಕ್ಕೆ ಕಾರಣವುಂಟು. ಸಭೆಗಳಲ್ಲಿ ತಂದೆತಾಯಂದಿರು ನಮ್ಮೊಡನೆ ಮಕ್ಕಳ ವಿದ್ಯೆಯ ವಿಷಯ ಮಾತಾಡುವಾಗ, ಹುಡುಗನಿಗೆ ಬಡಗಿ ಕೆಲಸವನ್ನೋ ಮನೆ ಕಟ್ಟುವ ಕೆಲಸವನ್ನೋ ನಕ್ಷೆ ಬರೆಯುವದನ್ನೋ ಹೈಸ್ಕೂಲಿನಲ್ಲಿಯೇ ಕಲಿಸಬಾರದೇ ಎಂದು ಕೇಳಿದರೆ, ಅವರ ಮುಖ ಸಣ್ಣದಾಗುವದನ್ನು ಎಷ್ಟೋ ಸಾರಿ ಕಂಡಿದ್ದೇವೆ. ಓದಲಾರದವನಿಗೆ ಉಳಿ, ಓದಬಲ್ಲವನಿಗೆ ಮೇಜು ಎಂಬ ಭಾವನೆ ನಮ್ಮಲ್ಲಿ ಬೇರೂರಿಹೋಗಿದೆ. ಪ್ಲೆಬ್ಸ್ತರ ಕೆಲಸವನ್ನು ತಿಳಿದವರಿಗೆ ಈ ಭಾವನೆ ನಿಲ್ಲಲಾರದು.

ಬಾಸೆಲ್ ಮಿಶನಿನ ಮೊದಲ ಮೂವರು ಸೇವಕರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1845ರಲ್ಲಿ ಮೂಲ್ಕಿಯಲ್ಲಿಯೂ 1854ರಲ್ಲಿ ಉಡುಪಿಯಲ್ಲಿಯೂ ಠಾಣ್ಯಗಳಾದವು. ದೀಕ್ಷಾಸ್ನಾನ ಹೊಂದಿದವರ ಸಂಖ್ಯೆಯೊಂದಿಗೆ ಒಂದು ದೊಡ್ಡ ಕಷ್ಟವೂ ಬೆಳೆಯಿತು. ಹೊಸ ಮಾರ್ಗಕ್ಕೆ ಬಂದವನು ಕುಟುಂಬದ ಮನೆಯಿಂದ ಹೊರಬೀಳುವನು. ಗೇಣಿಯ ಗದ್ದೆ ಕೈತಪ್ಪುವದು. ಅವರಲ್ಲಿ ಬಹುಮಂದಿ ಬಿಲ್ಲವರಾಗಿದ್ದರು. ಕಳ್ಳಿನ ಮೂರ್ತೆಯನ್ನು ಸಭೆಯು ಒಪ್ಪಲಿಲ್ಲವಾದದರಿಂದ ಅವರ ಕುಲಕಸಬೇ ಹೋಯಿತು. ಇಂಥವರ ಮಕ್ಕಳಿಗೆ ಪಾಠವನ್ನು ಕಲಿಸಿ ಹೊಟ್ಟೆಗೆ ದಾರಿ ತೋರಿಸದೆ ಬಿಡುವದು ನ್ಯಾಯವಲ್ಲವೆಂದು ಮಿಶನಿನವರಿಗೆ ಹೊತ್ತಿಲ್ಲದ ಹೊತ್ತಿನಲ್ಲಿ ತೋಚಿತೆಂದೇ ನಾವು ಹೇಳುವೆವು. ಇನ್ನೂ ಮುಂಚೆ ತೋಚಬೇಕಾಗಿತ್ತು. ಮರಗೆಲಸ, ನೇಯಿಗೆ ಮೊದಲಾದವುಗಳನ್ನು ಪ್ರಯತ್ನಿಸಿದರು. 1851ರಲ್ಲಿ ಬಂದ ಹಾಲ್ಲರ್ ಎಂಬವರ ಕೈಯಲ್ಲಿ ನೇಯಿಗೆ ಏಳಿಗೆ ಹೊಂದಿತು. ಖಾಕಿ ಬಣ್ಣದ ಬಟ್ಟೆಯು ಅವರ ಕಾರ್ಖಾನೆಯಿಂದಲೇ ಹೊರಟಿತೆಂದು ಹೇಳುವರು.

ಅದೇ 1851ರಲ್ಲಿ ಪ್ಲೆಬ್ಸ್ತರೂ ಮಂಗಳೂರಿಗೆ ಬಂದರು. ಅವರು ಬಂದದ್ದು ಹೆಂಚಿಗಾಗಿ ಅಲ್ಲ, ಅಚ್ಚುಕೂಟಕ್ಕಾಗಿ. ಮಂಗಳೂರಲ್ಲಿ 1841ರಿಂದ ಕಲ್ಲಚ್ಚಿನ ಮುದ್ರಣಾಲಯವಿತ್ತು. 1843ರ ಮಂಗಳೂರ ಸಮಾಚಾರವೂ ಕಲ್ಲಿನ ಮೇಲೆ ಬರೆದು ಒತ್ತಿದ್ದೇ. ಒಂದೊಂದು ಪುಟವನ್ನೂ ಕೈಯಿಂದ ಬರೆಯಬೇಕು, ಕಲ್ಲು ಸವೆದರೆ ಪುನಃ ಬರೆಯಬೇಕು. ಪ್ಲೆಬ್ಸ್ತರು ಯಂತ್ರದ ಕೆಲಸವನ್ನು ಬಲ್ಲ ಜರ್ಮನರು. ಸೀಸದ ಅಚ್ಚುಮೊಳೆಗಳಿಂದ ಕನ್ನಡವನ್ನು ಮುದ್ರಿಸುವ ಪದ್ಧತಿಯು ಅವರ ಕೈಯಿಂದ ಇಲ್ಲಿ ನೆಲೆಗೊಂಡಿತು. ಒತ್ತಕ್ಷರಗಳುಳ್ಳ ನಮ್ಮ ಲಿಪಿಗೆ ಮೊಳೆ ಎರೆಯುವದು ಸುಲಭವಲ್ಲ. ಒಂದು ಮೊಳೆ ಕೂದಲೆಳೆಯಷ್ಟು ಎತ್ತರವಾದರೆ ಕಾಗದವನ್ನು ಹರಿಯುವದು, ತಗ್ಗಾದರೆ ಮಸಿ ಹಿಡಿಯದು. ಸಭೆಯ ತರುಣರು ಇಲ್ಲಿ ಮೊಳೆ ಜೋಡಿಸುವದನ್ನೂ ಪುಸ್ತಕ ಕಟ್ಟುವದನ್ನೂ ಕಲಿತರು. ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಟದ್ದು ಈ ಅಚ್ಚುಕೂಟದಿಂದಲೇ.

ಅಚ್ಚುಕೂಟವು ಒಳ್ಳೆಯದೇ, ಆದರೆ ಅದು ಕೆಲವೇ ಕುಟುಂಬಗಳಿಗೆ ಅನ್ನವನ್ನು ಕೊಡಬಲ್ಲದು. ಆದಕಾರಣ ಪ್ಲೆಬ್ಸ್ತರ ದೃಷ್ಟಿಯು ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣಿನ ಕಡೆಗೆ ತಿರುಗಿತು. ಇಲ್ಲಿ ಅವರು ಮಾಡಿದ ಒಂದು ಕಾರ್ಯವನ್ನು ನಾವು ಬಹಳ ಮೆಚ್ಚುತ್ತೇವೆ. ಹೆಸರು ಪಡೆದ ಕೆಲಸಗಾರರಾಗಿದ್ದರೂ, ಸ್ವದೇಶಕ್ಕೆ ಹೋದಾಗ ಅವರು ಮಣ್ಣಿನ ಕೆಲಸವನ್ನು ಮೊದಲಿನಿಂದ ಕಲಿಯುವ ಶಿಷ್ಯರಾದರು. ಅಕ್ಷರದ ಅಚ್ಚನ್ನು ಬಲ್ಲವರು ಹೆಂಚಿನ ಅಚ್ಚಿಗೆ ಕೈಹಾಕಿದರು. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು ಇರುವದು ಸುಮ್ಮನೆ ಅಲ್ಲ.

ಬಾಸೆಲಿಗೆ ಸಮೀಪವಾದ ಅಲ್ಸಾಸ್ ಸೀಮೆಯ ಆಲ್ಟ್‌ಕಿರ್ಶ್ ಎಂಬ ಊರಿನಲ್ಲಿ ಗಿಲಾರ್ದೋನಿ ಎಂಬ ಅಣ್ಣತಮ್ಮಂದಿರು 1841ರಲ್ಲಿ ಒಂದು ಹೊಸ ತರದ ಹೆಂಚಿಗೆ ಹಕ್ಕು ಪಡೆದಿದ್ದರು. ಆ ಹೆಂಚಿನ ಒಂದು ಅಂಚಿನಲ್ಲಿ ಏಣು, ಇನ್ನೊಂದು ಅಂಚಿನಲ್ಲಿ ಗಾಡಿ. ಒಂದರ ಏಣು ಮತ್ತೊಂದರ ಗಾಡಿಯಲ್ಲಿ ಕೂತು, ಅಕ್ಕಪಕ್ಕದ ಹೆಂಚುಗಳು ಕೈ ಹಿಡಿದಂತೆ ನಿಲ್ಲುವವು. ಮಂಗಳೂರು ಹೆಂಚು ಅದೇ ಜಾತಿಯದು. 1865ರಲ್ಲಿ ಪ್ಲೆಬ್ಸ್ತರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಆರಂಭದಲ್ಲಿ ಮಣ್ಣನ್ನು ಅರೆಯುವದಕ್ಕೆ ಎತ್ತುಗಳೇ ಇದ್ದವು. ಉಗಿಯ ಯಂತ್ರವು ಅನಂತರದ್ದು.

ಈ ಕೆಲಸದಲ್ಲಿ ಲೆಕ್ಕವೂ ನಕ್ಷೆಯೂ ಎಲ್ಲಿ ಬಂದವೆಂದು ಕೆಲವರು ಕೇಳಬಹುದು. ಹಸಿಮಣ್ಣು ಒಣಗುವಾಗ ಕುಗ್ಗುವದು, ಸುಡುವಾಗ ಪುನಃ ಕುಗ್ಗುವದು. ಸುಟ್ಟ ಹೆಂಚು ಸುಮಾರು 16 ಅಂಗುಲ ಉದ್ದ, ಒಂಬತ್ತೂವರೆ ಅಂಗುಲ ಅಗಲ ಇರಬೇಕಾದರೆ ಅಚ್ಚು ಅದಕ್ಕಿಂತ ಎಷ್ಟು ದೊಡ್ಡದಿರಬೇಕೆಂದು ಮೊದಲೇ ಕಾಗದದ ಮೇಲೆ ಗೆರೆ ಎಳೆದು ನಿಶ್ಚಯಿಸಬೇಕು. ಮಣ್ಣು ಬೇರೆಯಾದರೆ ಕುಗ್ಗುವ ಅಳತೆಯೂ ಬೇರೆ. ನೆರಳಿನಲ್ಲಿ ಮೆಲ್ಲಗೆ ಒಣಗಿಸದಿದ್ದರೆ ಹೆಂಚು ಸೊಟ್ಟಗಾಗುವದು. ಸೊಟ್ಟಗಾದರೆ ಏಣು ಗಾಡಿಯಲ್ಲಿ ಕೂರದು. ಕೂರದಿದ್ದರೆ ಆಷಾಢದ ಗಾಳಿಮಳೆ ಒಳಗೆ ನುಗ್ಗುವದು. ಸುಟ್ಟ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ಕೇಳುವರು. ಗಣಗಣ ಎಂದರೆ ಒಳ್ಳೆಯದು, ಮಂದವಾಗಿ ನುಡಿದರೆ ಬಿರುಕುಂಟು.

ಹೆಂಚು ಬಂದಲ್ಲಿಗೆ ಬಡಗಿಯ ಕೆಲಸವೂ ಬದಲಾಯಿತು. ಹುಲ್ಲಿನ ಮಾಡಿಗೆ ಬಿದಿರು ಹೇಗಿದ್ದರೂ ಸಾಗುತ್ತಿತ್ತು. ಹೆಂಚಿಗಾದರೋ ಪಕ್ಕಾಸುಗಳು ಒಂದೇ ಮಟ್ಟದಲ್ಲಿರಬೇಕು, ರೀಪುಗಳು ಸುಮಾರು ಒಂದಡಿಗೊಂದರಂತೆ ಸಮನಾಗಿ ಹೊಡೆಯಲ್ಪಡಬೇಕು, ಇಳಿಜಾರು ಸಾಕಷ್ಟು ಕಡಿದಾಗಿರಬೇಕು. ನೂರು ಚದರಡಿಯ ಮಾಡಿಗೆ ಸುಮಾರು 150 ಹೆಂಚು ಬೇಕು. ಒಂದೊಂದು ಎರಡು ಕಿಲೋಗ್ರಾಮಿಗಿಂತ ಹೆಚ್ಚು ತೂಗುವದರಿಂದ ಆ ಭಾರವನ್ನು ಮರವು ಹೊರಬೇಕು. ಮಾಡನ್ನು ಏರಿಸುವ ಮೊದಲು ಅಡ್ಡಗೀಟು ಉದ್ದಗೀಟು ಎಳೆದು ಎಣಿಸದವನು ಕೊನೆಯ ಸಾಲಿನಲ್ಲಿ ಅರ್ಧ ಹೆಂಚನ್ನು ಕೈಯಲ್ಲಿ ಹಿಡಿದುಕೊಂಡು ತಲೆ ಕೆರೆದುಕೊಳ್ಳುವನು. ಹೈಸ್ಕೂಲಿನ ಹುಡುಗರಿಗೆ ತ್ರಿಕೋನದ ಪಾಠವನ್ನು ಕರಿಹಲಗೆಯ ಮೇಲೆ ಮಾತ್ರ ಕಲಿಸಿ, ತಲೆಯ ಮೇಲಿರುವ ಮಾಡಿನ ತ್ರಿಕೋನವನ್ನು ತೋರಿಸದಿರುವದು ನಮಗೆ ವಿಚಿತ್ರವಾಗಿ ತೋರುತ್ತದೆ. ದೇಶದ 2020ನೇ ಇಸವಿಯ ಶಿಕ್ಷಣ ನೀತಿಯಲ್ಲಿ, ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿವಸ ಪುಸ್ತಕದ ಚೀಲವನ್ನು ಬಿಟ್ಟು ಊರಿನ ಬಡಗಿ, ಕುಂಬಾರ ಮುಂತಾದವರ ಬಳಿ ಕಲಿಯಬೇಕೆಂದು ಬರೆಯಲ್ಪಟ್ಟಿತು. ಹತ್ತು ದಿವಸದಲ್ಲಿ ಉಳಿ ಹಿಡಿಯುವದು ಬರಲಿಕ್ಕಿಲ್ಲ. ಉಳಿಯ ಮೇಲಣ ತಾತ್ಸಾರವಾದರೂ ಹೋಗಬಹುದು.

ಪ್ಲೆಬ್ಸ್ತರು ಹಚ್ಚಿದ ಕೆಲಸವು ಬೇಗನೆ ಹಬ್ಬಿತು. 1868ರಲ್ಲಿ ಮಂಗಳೂರಿನ ಆಲ್ಬುಕರ್ಕ್ ಮನೆತನದವರು ಸ್ವಂತ ಕಾರ್ಖಾನೆಯನ್ನು ತೆರೆದರು. 1874ರಲ್ಲಿ ಮಿಶನಿನ ಯಂತ್ರಶಾಲೆ ಮಂಗಳೂರಲ್ಲಿ ಆರಂಭವಾಗಿ, ಅಲ್ಲಿ ಕಮ್ಮಾರಿಕೆಯೂ ಎರಕವೂ ತರುಣರ ಕೈಗೆ ಬಂದವು. 1882ರಲ್ಲಿ ಕುದ್ರೋಳಿಯಲ್ಲಿ, 1886ರಲ್ಲಿ ನಮ್ಮ ಕಾಪುವಿನಿಂದ ಉತ್ತರಕ್ಕಿರುವ ಮಲ್ಪೆಯಲ್ಲಿ ಹೆಂಚಿನ ಕಾರ್ಖಾನೆಗಳಾದವು. ಉಡುಪಿ ಸೀಮೆಯ ಸಭೆಗಳವರು ಮಲ್ಪೆಯ ಚಿಮಿಣಿಯ ನೆರಳಿನಲ್ಲಿ ಸಂಬಳವನ್ನು ಕಂಡರು.

ಆದರೂ ಒಂದು ಮಾತನ್ನು ಮುಚ್ಚಿಡಲಾರೆವು. ಕಾರ್ಖಾನೆಗೆ ಹೋದವರಲ್ಲಿ ಅಚ್ಚನ್ನು ಕೊರೆಯುವದನ್ನು ಕಲಿತವರು ಕೆಲವರು. ಮಣ್ಣು ಹೊತ್ತವರು, ಹೆಂಚು ಹೊತ್ತವರು ಬಹುಮಂದಿ, ಅವರಲ್ಲಿ ಅನೇಕ ಸ್ತ್ರೀಯರು. ನಕ್ಷೆ ದೊರೆಗಳ ಮೇಜಿನ ಮೇಲೆಯೇ ಉಳಿದಲ್ಲಿ ಕೂಲಿ ಸಿಕ್ಕಿತು, ವಿದ್ಯೆ ಸಿಕ್ಕಲಿಲ್ಲ. 1914ರಲ್ಲಿ ಯುದ್ಧವು ಹುಟ್ಟಿ, ಮಿಶನಿನ ಕಾರ್ಖಾನೆಗಳನ್ನು ಸರಕಾರವು ವಶಮಾಡಿಕೊಂಡು, 1919ರಲ್ಲಿ ಸ್ಥಾಪಿತವಾದ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಅವು ಹೋದಾಗ ಈ ಭೇದವು ಸ್ಪಷ್ಟವಾಯಿತು. ಕೈಯಲ್ಲಿ ಕಸಬು ಇದ್ದವನು ಯಾವ ಊರಿನಲ್ಲಿಯಾದರೂ ಮಾಡು ಕಟ್ಟಬಲ್ಲನು. ಹೊರೆ ಹೊರುವವನು ಹೊಸ ಯಜಮಾನನ ಬಾಗಿಲಲ್ಲಿ ಕಾಯಬೇಕು.

ಹಳೆಯ ಮನೆಯನ್ನು ಕೆಡಹುವಾಗ ಹೆಂಚನ್ನು ಮಗುಚಿ ನೋಡುವ ವಾಡಿಕೆ ನಮ್ಮಲ್ಲುಂಟು. ಬಾಸೆಲ್ ಮಿಶನಿನ ಹೆಸರಿನ ಸಂಗಡ 1865 ಎಂಬ ಅಂಕೆಯನ್ನು ಕಂಡು, ತಮ್ಮ ಮನೆ ಅಷ್ಟು ಹಳೆಯದೆಂದು ಹಿಗ್ಗುವವರನ್ನು ನಾವು ನೋಡಿದ್ದೇವೆ. ಅದು ಆ ಹೆಂಚನ್ನು ಸುಟ್ಟ ವರುಷವಲ್ಲ, ಜೆಪ್ಪುವಿನಲ್ಲಿ ಕೆಲಸವು ಆರಂಭವಾದ ವರುಷ. ಅನಂತರದ ಹೆಂಚುಗಳ ಮೇಲೆಯೂ ಅದನ್ನೇ ಒತ್ತಿದರು. ಪ್ಲೆಬ್ಸ್ತರ ಹೆಸರು ಅದರ ಮೇಲಿಲ್ಲ.