ನಾಣ್ಯದ ಮೇಲಿನ ಮುಖ: ಚಕ್ರವರ್ತಿ ತಿಬೇರಿಯ

ನಮ್ಮ ಜಕ್ಕೂರಿಗೆ ದೂರವಲ್ಲದ ಯಶವಂತಪುರದಲ್ಲಿ 1891ರಲ್ಲಿ ರೈಲುಹಾದಿಗಾಗಿ ನೆಲ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಚಕ್ರವರ್ತಿ ತಿಬೇರಿಯನ ನಾಣ್ಯಗಳೂ ಅವುಗಳಲ್ಲಿದ್ದವು. ಶುಭಸಂದೇಶದಲ್ಲಿ ನಾವು ಓದುವ ದಿನಾರಿ ಇದೇ. ದ್ರಾಕ್ಷಿತೋಟದ ಸಾಮತಿಯಲ್ಲಿ ಅದು ಕೂಲಿಯಾಳಿನ ಒಂದು ದಿನದ ಕೂಲಿ. ಆ ಬೆಳ್ಳಿಯ ಮೇಲಿನ ಮುಖದ ಒಡೆಯನು ಯಾರೆಂಬುದನ್ನು ನಾವು ಅರಿಯುವುದು ಉಚಿತ.

ತಿಬೇರಿಯನು ಕ್ರಿ.ಪೂ. 42ರಲ್ಲಿ ಜನಿಸಿದನು. ಅವನ ಎಳವೆಯಲ್ಲಿಯೇ ತಾಯಿ ಲಿವಿಯಾ ಅವನ ತಂದೆಯನ್ನಗಲಿ, ಮುಂದೆ ಅಗಸ್ಟಸ್ ಚಕ್ರವರ್ತಿಯಾದವನನ್ನು ವರಿಸಿದಳು. ಯೌವನದಲ್ಲಿ ಅವನು ಸಮರ್ಥ ದಂಡನಾಯಕನೆನಿಸಿದನು. ಆದರೆ ರಾಜಕಾರಣವು ಅವನ ಮನೆಯನ್ನು ಮುರಿಯಿತು. ಪ್ರೀತಿಯ ಪತ್ನಿ ವಿಪ್ಸಾನಿಯಳನ್ನು ತ್ಯಜಿಸಿ ಚಕ್ರವರ್ತಿಯ ಮಗಳು ಜೂಲಿಯಾಳನ್ನು ಮದುವೆಯಾಗಬೇಕಾಯಿತು. ಮನನೊಂದು ಹಲವು ವರ್ಷ ರೋಡ್ಸ್ ದ್ವೀಪದಲ್ಲಿ ಏಕಾಂತವಾಸ ಮಾಡಿದನು.

ಕ್ರಿ.ಶ. 14ರಲ್ಲಿ ಐವತ್ತು ದಾಟಿದ ಅವನಿಗೆ ಸಿಂಹಾಸನ ದೊರೆಯಿತು. ಅವನಲ್ಲಿ ಸದ್ಗುಣಗಳಿಲ್ಲದಿರಲಿಲ್ಲ. 17ರಲ್ಲಿ ಏಷ್ಯಾ ಪ್ರಾಂತ್ಯದ ನಗರಗಳು ಭೂಕಂಪದಿಂದ ನೆಲಸಮವಾದಾಗ ಧನಸಹಾಯವಿತ್ತು, ಐದು ವರ್ಷ ತೆರಿಗೆ ಮನ್ನಾ ಮಾಡಿದನು. ಸ್ಪೇನಿನ ಜನರು ತನಗೆ ಗುಡಿ ಕಟ್ಟಬಯಸಿದಾಗ ತಾನು ಮರ್ತ್ಯನೆಂದು ನಿರಾಕರಿಸಿದನು. ಆದರೂ ಅವನ ನಾಣ್ಯವು ಅವನನ್ನು ದೈವವಾದ ಅಗಸ್ಟಸನ ಪುತ್ರನೆಂದೂ, ಮಹಾಯಾಜಕನೆಂದೂ ಸಾರುತ್ತಿತ್ತು.

23ರಲ್ಲಿ ಮಗ ದ್ರೂಸಸನು ತೀರಿಕೊಂಡನು. 26ರಲ್ಲಿ ಚಕ್ರವರ್ತಿಯು ರೋಮನ್ನು ತೊರೆದನು. ಬಳಿಕ ಕಾಪ್ರಿ ದ್ವೀಪವನ್ನು ಸೇರಿ, ಮತ್ತೆ ರಾಜಧಾನಿಯೊಳಕ್ಕೆ ಕಾಲಿಡಲಿಲ್ಲ. ನಂಬಿದ ಸೆಜಾನಸನು 31ರಲ್ಲಿ ದ್ರೋಹಿಯೆಂದು ಕೊಲ್ಲಲ್ಪಟ್ಟನು. ಸಂಶಯವು ಅವನನ್ನು ಕ್ರೂರಿಯನ್ನಾಗಿಸಿತು. ರಾಜದ್ರೋಹದ ಆರೋಪದಲ್ಲಿ ಅನೇಕರು ಮಡಿದರು. 37ರಲ್ಲಿ ಅವನು ಮಿಸೇನಮಿನಲ್ಲಿ ಮೃತನಾದನು. ಭಂಡಾರ ತುಂಬಿತ್ತು, ಆದರೆ ಅವನಿಗಾಗಿ ಅತ್ತವರು ವಿರಳ.

ಇವನ ಆಳ್ವಿಕೆಯಲ್ಲಿಯೇ ಜುದೇಯದ ಅಧಿಪತಿ ಪಿಲಾತನು ನಮ್ಮ ಪ್ರಭುವನ್ನು ಶಿಲುಬೆಗೆ ಒಪ್ಪಿಸಿದನು. ಅದಕ್ಕೆ ಕೆಲವು ದಿನ ಮುಂಚೆ ಪ್ರಭುವು ಜೆರುಸಲೇಮಿನಲ್ಲಿ ತೆರಿಗೆಯ ನಾಣ್ಯವೊಂದನ್ನು ತರಿಸಿ, ಅದರ ಮೇಲಿನ ಮುದ್ರೆ ಯಾರದೆಂದು ಕೇಳಿದ್ದರು. ಆ ದಿನಾರಿಯೂ ತಿಬೇರಿಯನದೇ ಎಂದು ಬಹುಮಂದಿ ಪಂಡಿತರ ಅಭಿಪ್ರಾಯ.

ನಾವು ವಿಶ್ವಾಸ ಪ್ರಮಾಣದಲ್ಲಿ ಪಿಲಾತನ ಹೆಸರನ್ನು ಉಚ್ಚರಿಸುತ್ತೇವೆ; ಅವನ ಒಡೆಯನ ಹೆಸರು ಅಲ್ಲಿಲ್ಲ. ಲೋಕವನ್ನಾಳಿದವನ ಮುಖ ಯಶವಂತಪುರದ ಮಣ್ಣಿನಲ್ಲಿ ಹೂತಿತ್ತು. ಸರ್ಕಾರಕ್ಕೆ ಸಲ್ಲಬೇಕಾದುದನ್ನು ನಾವು ಪ್ರಾಮಾಣಿಕವಾಗಿ ಸಲ್ಲಿಸೋಣ. ಆದರೆ ನಮ್ಮ ಆತ್ಮದ ಮೇಲಿರುವುದು ದೇವರ ಪ್ರತಿರೂಪ. ಅದು ಸವೆಯದಂತೆ ಕಾಯ್ದು, ಅದರ ಒಡೆಯನಿಗೇ ಒಪ್ಪಿಸೋಣ.