ಲಂಡನ್ನಿನ ಕಣದಲ್ಲಿ ಗಾಮಾ ಪೈಲ್ವಾನ್



ಶಿರೂರು, ಬಾದಾಮಿ, ಇಳಕಲ್ಲ ಕಡೆಯವರಾದ ನಿಮಗೆ ಗರಡಿಮನೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಜಾತ್ರೆ, ಉರುಸುಗಳ ಕುಸ್ತಿಯನ್ನು ಹಿರಿಯರ ಹೆಗಲ ಮೇಲೆ ಕುಳಿತು ನೋಡಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಆ ಮಣ್ಣಿನ ಕುಸ್ತಿಯನ್ನೇ ಕಲಿತು, ಪರದೇಶದಲ್ಲಿ ಯುರೋಪಿನ ಬಲಾಢ್ಯನನ್ನು ಎದುರಿಸಿದ ಒಬ್ಬರ ಜೀವನವನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಅವರ ಹೆಸರು ಗುಲಾಮ್ ಮುಹಮ್ಮದ್ ಬಖ್ಶ್. ಜನರು ಕರೆದದ್ದು ಗಾಮಾ ಎಂದು. 1878ರಲ್ಲಿ ಪಂಜಾಬಿನ ಅಮೃತಸರದ ಕಡೆ, ಪೈಲ್ವಾನರ ಮನೆತನದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಈ ಹುಡುಗನನ್ನು ಬಂಧುಗಳು ಕೈಬಿಡಲಿಲ್ಲ. ಸಾಕಿದರು, ಸಾಮು ಕಲಿಸಿದರು. 1888ರಲ್ಲಿ ಜೋಧಪುರದಲ್ಲಿ ಬಸ್ಕಿ ಹೊಡೆಯುವ ಸ್ಪರ್ಧೆ ನಡೆಯಿತು. 400ಕ್ಕೂ ಹೆಚ್ಚು ಪೈಲ್ವಾನರ ನಡುವೆ ಹತ್ತು ವರ್ಷದ ಗಾಮಾ ಕೊನೆಯ 15 ಮಂದಿಯಲ್ಲಿ ಉಳಿದಾಗ ಮಹಾರಾಜರು ಆತನನ್ನೇ ವಿಜೇತನೆಂದು ಸಾರಿದರು. ಮುಂದೆ ದತಿಯಾ ಸಂಸ್ಥಾನದ ಆಶ್ರಯ ದೊರೆಯಿತು.

1910ರಲ್ಲಿ ಗಾಮಾ ತಮ್ಮ ಇಮಾಮ್ ಬಖ್ಶ್‌ನೊಡನೆ ಲಂಡನ್ನಿಗೆ ಹೋದರು. ಅಲ್ಲಿ ಕಾದಿದ್ದದ್ದು ನಿರಾಶೆ. ಎತ್ತರ ಸಾಲದೆಂದು ಪಂದ್ಯಾವಳಿಗೆ ಸೇರಿಸಿಕೊಳ್ಳಲಿಲ್ಲ. ಗಾಮಾ ಊರಿಗೆ ಮರಳಲಿಲ್ಲ; ಎಷ್ಟೇ ತೂಕದವರಾಗಲಿ, ಮೂವರನ್ನು ಅರ್ಧ ಗಂಟೆಯೊಳಗೆ ಕೆಡವುವೆನೆಂದು ಬಹಿರಂಗ ಸವಾಲು ಹಾಕಿದರು. ಮೊದಲು ಇದನ್ನು ಯಾರೂ ನಂಬಲಿಲ್ಲ. ಕೊನೆಗೆ ಅಮೆರಿಕದ ಬೆಂಜಮಿನ್ ರೋಲರ್ ಕಣಕ್ಕಿಳಿದು ಸೋತ ಮೇಲೆ ಜನ ತಿರುಗಿ ನೋಡಿದರು.

ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ತಾನಿಸ್ಲಾಸ್ ಜಿಬಿಸ್ಕೊ ಎದುರಾದ. ಗಾಮಾರಿಗಿಂತ ಬಹಳ ಭಾರದ ಆಸಾಮಿ, ಯುರೋಪಿನಲ್ಲಿ ದೊಡ್ಡ ಹೆಸರು. ಗಾಮಾ ಕುಸ್ತಿ ಆರಂಭವಾದ ಸ್ವಲ್ಪದರಲ್ಲೇ ಅವನನ್ನು ಕೆಳಗೆ ಹಾಕಿದರು. ಆದರೆ ಅವನು ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗಿಬಿಟ್ಟ. ಎರಡೂವರೆ ಗಂಟೆಗೂ ಹೆಚ್ಚು ಕಾಲ ಗುದ್ದಾಡಿದರೂ ಮಗುಚಲಾಗಲಿಲ್ಲ, ಕುಸ್ತಿ ಸಮವೆಂದಾಯಿತು. ಸೆಪ್ಟೆಂಬರ್ 17ಕ್ಕೆ ಮರುಪಂದ್ಯ ಗೊತ್ತಾಗಿತ್ತು. ಅಂದು ಗಾಮಾ ಬಂದರು, ಜಿಬಿಸ್ಕೊ ಬರಲಿಲ್ಲ. ಜಾನ್ ಬುಲ್ ಬೆಲ್ಟ್ ಗಾಮಾರ ಪಾಲಾಯಿತು.

ಬೆಲ್ಟ್ ಸಿಕ್ಕಿತಾದರೂ ಎದುರಾಳಿಯ ಬೆನ್ನು ನೆಲಕ್ಕೆ ತಾಗಿರಲಿಲ್ಲ. ಆ ಲೆಕ್ಕ ಚುಕ್ತಾ ಆಗಲು ಹದಿನೇಳು ವರ್ಷಕ್ಕೂ ಹೆಚ್ಚು ಬೇಕಾಯಿತು. ಈ ನಡುವೆ ಜಿಬಿಸ್ಕೊ ಅಮೆರಿಕದಲ್ಲಿ ವಿಶ್ವ ಹೆವಿವೇಟ್ ಪ್ರಶಸ್ತಿ ಗೆದ್ದಿದ್ದ. 1928ರ ಜನವರಿಯಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಕೈ ಮಿಲಾಯಿಸಿದರು. ಇಬ್ಬರಿಗೂ ಐವತ್ತರ ಹತ್ತಿರದ ವಯಸ್ಸು. ಈ ಬಾರಿ ಒಂದು ನಿಮಿಷವೂ ಹಿಡಿಯಲಿಲ್ಲ. ಗಾಮಾ ಅವನನ್ನು ಚಿತ್ ಮಾಡಿದರು.

ದೇಶವಿಭಜನೆಯ ನಂತರ ಗಾಮಾ ಲಾಹೋರಿನಲ್ಲಿ ನೆಲೆಸಿದರು. 1947ರ ಗಲಭೆಯಲ್ಲಿ ತಮ್ಮ ಬೀದಿಯ ಹಿಂದೂ ನೆರೆಯವರಿಗೆ ಕಾವಲಾಗಿ ನಿಂತರೆಂದು ಅವರನ್ನು ಇಂದಿಗೂ ನೆನೆಯುತ್ತಾರೆ. ಕೊನೆಗಾಲದಲ್ಲಿ ಕಾಯಿಲೆ, ಬಡತನ ಎರಡೂ ಕಾಡಿದವು. 1960ರ ಮೇ 23ರಂದು ನಿಧನರಾದರು.

ಮಿತ್ರರೇ, ನಾಳೆ ನೀವೂ ಊರು ಬಿಟ್ಟು ದೊಡ್ಡ ಶಹರದ ಕಾಲೇಜಿಗೋ, ಸಂದರ್ಶನಕ್ಕೋ ಹೋಗುವಿರಿ. ನಿಮ್ಮ ಭಾಷೆ, ಉಡುಪು, ಊರಿನ ಹೆಸರು ನೋಡಿಯೇ ಯಾರಾದರೂ ನಿಮ್ಮನ್ನು ಅಳೆದಾರು. ಆಗ ಗಾಮಾರನ್ನು ನೆನೆಯಿರಿ. ಅವರ ಸವಾಲಿಗೆ ಬಲ ಬಂದದ್ದು ಬಾಲ್ಯದಿಂದ ದಿನವೂ ಮಾಡಿದ ಸಾಮಿನಿಂದ. ಮೊದಲ ಸಲ ಕೆಲಸ ಪೂರ್ತಿಯಾಗದಿದ್ದಾಗಲೂ ಅವರು ಆ ಸಾಮನ್ನು ಬಿಡಲಿಲ್ಲ.